ಮಾದಕ ವಸ್ತುಗಳ ತಡೆ: ಸೈನ್ಯದ ಪಾಲೆಷ್ಟು, ನಮ್ಮ ಪಾಲೆಷ್ಟು?



ನಮ್ಮ ಮೂಕಂಡಪಲ್ಲಿಯಲ್ಲಿ ಸಿಪ್ಕಾಟ್ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಟೀ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಕನ್ನಡ, ತೆಲುಗು, ತಮಿಳು, ಈಗೀಗ ಹಿಂದಿ, ನಾಲ್ಕೂ ಭಾಷೆ ಅಲ್ಲಿ ಕಿವಿಗೆ ಬೀಳುತ್ತದೆ. ಸಮುದ್ರದಲ್ಲಿ ದೋಣಿಯೊಂದನ್ನು ಅಡ್ಡಗಟ್ಟಿ ಸಾವಿರಾರು ಕಿಲೋ ಮಾದಕ ವಸ್ತು ಹಿಡಿದರೆಂಬ ಸುದ್ದಿ ಟಿ.ವಿ.ಯಲ್ಲಿ ಬಂದ ದಿನ ಅಲ್ಲಿ ಒಂದು ಮಾತು ಹುಟ್ಟದೇ ಇರುವುದಿಲ್ಲ. "ಇದನ್ನೆಲ್ಲ ಮಿಲ್ಟ್ರಿಯವರಿಗೆ ಒಪ್ಪಿಸಿಬಿಡಬೇಕು ಅಣ್ಣ. ಕಂಡಲ್ಲಿ ಗುಂಡು ಹೊಡೆದರೆ ಎಂಟು ದಿನದಲ್ಲಿ ಎಲ್ಲಾ ನಿಂತುಹೋಗುತ್ತೆ."

ಈ ಮಾತಿನ ಹಿಂದಿನ ಸಿಟ್ಟು ನ್ಯಾಯವಾದದ್ದೇ. ಬೆಳೆದ ಮಗ ಕಣ್ಣೆದುರೇ ಕೈತಪ್ಪಿಹೋಗುವುದನ್ನು ಕಂಡ ತಂದೆತಾಯಿಯರು ಇನ್ನೇನು ಹೇಳಿಯಾರು? ಆದರೆ ಸಿಟ್ಟಿನ ಮಾತನ್ನೂ ಒಮ್ಮೆ ತೂಗಿ ನೋಡಬೇಕು. ಮಾದಕ ವಸ್ತುಗಳ ಅಂತಾರಾಷ್ಟ್ರೀಯ ಕಳ್ಳಸಾಗಣೆಯನ್ನು ತಡೆಯುವುದರಲ್ಲಿ ಸೈನ್ಯ ನಿಜವಾಗಿ ಮಾಡುತ್ತಿರುವ ಕೆಲಸ ಯಾವುದು? ಅದರ ಕೈಗೆ ಎಟುಕದ್ದು ಯಾವುದು? ಕಾನೂನು ಸೈನಿಕನ ಬಂದೂಕಿಗೆ ಒಂದು ಗೆರೆ ಹಾಕಿರುವುದು ಏಕೆ? ಕಡಲೂ ಗಡಿಯೂ ಇಲ್ಲದ ನಮ್ಮ ಹೊಸೂರು ಸೀಮೆಗೂ ಇದಕ್ಕೂ ಏನು ಸಂಬಂಧ? ಇವುಗಳನ್ನು ಇಂದು ಒಂದೊಂದಾಗಿ ನೋಡೋಣ.

ಮೊದಲಿಗೆ, ಮಿಲ್ಟ್ರಿ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವವರಲ್ಲಿ ಹಲವು ಬಗೆಯವರಿದ್ದಾರೆ. ಭೂಸೇನೆ, ನೌಕಾಪಡೆ ಮತ್ತು ವಾಯುಪಡೆ ರಕ್ಷಣಾ ಸಚಿವಾಲಯಕ್ಕೆ ಸೇರಿದವು. ಕರಾವಳಿ ರಕ್ಷಣಾ ಪಡೆ, ಅಂದರೆ ಕೋಸ್ಟ್ ಗಾರ್ಡ್, ಕೂಡ ಅದೇ ಸಚಿವಾಲಯದ್ದು. 1978ರ ಕಾನೂನಿನ ಮೂಲಕ ಸ್ಥಾಪಿತವಾದ ಈ ಪಡೆಗೆ ಸಮುದ್ರದಲ್ಲಿ ಕಳ್ಳಸಾಗಣೆ ತಡೆಯುವುದೂ ಒಂದು ಕರ್ತವ್ಯ. ಕರ್ನಾಟಕದ ಮಟ್ಟಿಗೆ ಇದರ ಪ್ರಧಾನ ಕಚೇರಿ ಮಂಗಳೂರಿನ ಪಣಂಬೂರಿನಲ್ಲಿದೆ. ಪಂಜಾಬಿನ ಗಡಿಯಲ್ಲಿ ನಿಂತಿರುವ ಗಡಿ ಭದ್ರತಾ ಪಡೆ ಗೃಹ ಸಚಿವಾಲಯದ ಅಧೀನದಲ್ಲಿದೆ. ಮ್ಯಾನ್ಮಾರ್ ಗಡಿ ಕಾಯುವ ಅಸ್ಸಾಂ ರೈಫಲ್ಸ್‌ನ ವ್ಯವಸ್ಥೆ ಇನ್ನೂ ಬೇರೆ. ಅದರ ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆ ಭೂಸೇನೆಯದು.

ಭಾರತದ ನಕಾಶೆಯನ್ನು ಕಣ್ಣಮುಂದೆ ತಂದುಕೊಂಡರೆ ಇಷ್ಟೆಲ್ಲ ಪಡೆಗಳು ಏಕೆ ಬೇಕು ಎಂಬುದು ತಿಳಿಯುತ್ತದೆ. ನಮ್ಮ ಪಶ್ಚಿಮಕ್ಕೆ ಅಫ್ಘಾನಿಸ್ತಾನ, ಇರಾನ್ ಮತ್ತು ಪಾಕಿಸ್ತಾನ ಸೇರಿದ ಪ್ರದೇಶವಿದೆ. ಅಫೀಮು ಮತ್ತು ಹೆರಾಯಿನ್‌ಗೆ ಹೆಸರಾದ ಇದನ್ನು ಸುವರ್ಣ ಅರ್ಧಚಂದ್ರ ಎನ್ನುತ್ತಾರೆ. ಪೂರ್ವಕ್ಕೆ ಮ್ಯಾನ್ಮಾರ್, ಲಾವೋಸ್ ಮತ್ತು ಥಾಯ್ಲೆಂಡ್‌ಗಳ ಸುವರ್ಣ ತ್ರಿಕೋನವಿದೆ. ಭಾರತ ಇವೆರಡರ ನಡುವೆ ಇದೆ. 2022ರಲ್ಲಿ ತಾಲಿಬಾನ್ ಸರ್ಕಾರ ಗಸಗಸೆ ಬೆಳೆಯನ್ನು ನಿಷೇಧಿಸಿದ ಮೇಲೆ ಅಫ್ಘಾನಿಸ್ತಾನದಲ್ಲಿ ಅದರ ಬೇಸಾಯ ಮರುವರ್ಷ ಶೇಕಡ 95ರಷ್ಟು ಇಳಿಯಿತೆಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. ಇಳಿದದ್ದೇ ತಡ, 2023ರಲ್ಲಿ ಮ್ಯಾನ್ಮಾರ್ ಅಫೀಮು ಉತ್ಪಾದನೆಯಲ್ಲಿ ಮೊದಲನೆಯ ಸ್ಥಾನಕ್ಕೆ ಬಂತು. ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ಕಡೆ ದಾರಿ ಮಾಡಿಕೊಂಡಂತೆ. ಇದರ ಜೊತೆಗೆ ಗದ್ದೆಯೇ ಬೇಡದ, ರಾಸಾಯನಿಕಗಳಿಂದ ತಯಾರಾಗುವ ಮೆಥಾಂಫೆಟಮೈನ್ ಎಂಬ ಮಾದಕ ವಸ್ತು ಬಂದಿದೆ. ಇದಕ್ಕೆ ಮಳೆಯೂ ಬೇಡ, ಋತುವೂ ಬೇಡ.

ಇನ್ನು ಸಮುದ್ರದಲ್ಲಿ ಹಿಡಿಯುವ ಕೆಲಸ ಹೇಗೆ ನಡೆಯುತ್ತದೆಂದು ನೋಡೋಣ. 2024ರ ನವೆಂಬರ್ 23ರಂದು ಕೋಸ್ಟ್ ಗಾರ್ಡ್‌ನ ಡಾರ್ನಿಯರ್ ವಿಮಾನವೊಂದು ಅಂಡಮಾನಿನ ಬ್ಯಾರನ್ ದ್ವೀಪದ ಬಳಿ ಎಂದಿನ ಗಸ್ತಿನಲ್ಲಿತ್ತು. ಕೆಳಗೆ ಮೀನುಗಾರಿಕೆಯ ದೋಣಿಯೊಂದರ ಚಲನೆ ಸಂಶಯಕ್ಕೆ ಎಡೆಮಾಡಿತು. ವೇಗ ತಗ್ಗಿಸಲು ಎಚ್ಚರಿಕೆ ಕೊಟ್ಟ ವಿಮಾನದವರು ಸುದ್ದಿಯನ್ನು ನೆಲೆಗೆ ಮುಟ್ಟಿಸಿದರು. ವೇಗದ ಗಸ್ತು ನೌಕೆಗಳು ಹೋಗಿ ದೋಣಿಯನ್ನು ದಡಕ್ಕೆ ಎಳೆದುತಂದವು. ಒಳಗೆ ಆರು ಮಂದಿ ಮ್ಯಾನ್ಮಾರ್‌ನವರು. ಎರಡೆರಡು ಕಿಲೋ ಪೊಟ್ಟಣಗಳಲ್ಲಿ ಸುಮಾರು 6,000 ಕಿಲೋ ಮೆಥಾಂಫೆಟಮೈನ್. ನಮ್ಮ ಕಾನೂನಿನಲ್ಲಿ ಈ ವಸ್ತು 50 ಗ್ರಾಂಗಿಂತ ಹೆಚ್ಚು ಸಿಕ್ಕರೆ ಸಾಕು, ಅದು ವಾಣಿಜ್ಯ ಪ್ರಮಾಣ. 6,000 ಕಿಲೋ ಎಂದರೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ.

ಅದೇ ವರ್ಷದ ಫೆಬ್ರವರಿಯಲ್ಲಿ ಗುಜರಾತಿನ ಕಡಲಾಚೆ ನೌಕಾಪಡೆ ಮತ್ತು ಮಾದಕ ವಸ್ತು ನಿಯಂತ್ರಣ ಬ್ಯೂರೋ ಸೇರಿ ಸುಮಾರು 3,300 ಕಿಲೋ ಮಾಲು ಹಿಡಿದಿದ್ದವು. ಅದರಲ್ಲಿ ಹೆಚ್ಚಿನ ಪಾಲು ಚರಸ್. ಅದಕ್ಕೂ ಹಿಂದೆ, 2021ರ ಮಾರ್ಚ್‌ನಲ್ಲಿ, ಲಕ್ಷದ್ವೀಪದ ಮಿನಿಕಾಯ್ ಸಮೀಪ ಕೋಸ್ಟ್ ಗಾರ್ಡ್ ತಡೆದ 'ರವಿಹಂಸಿ' ಎಂಬ ಶ್ರೀಲಂಕಾ ದೋಣಿಯಲ್ಲಿ 300 ಕಿಲೋ ಹೆರಾಯಿನ್ ಜೊತೆಗೆ ಐದು ಎಕೆ-47 ಬಂದೂಕುಗಳೂ ಸಾವಿರ ಗುಂಡುಗಳೂ ಇದ್ದವು. ಸಾಮಾನ್ಯ ಪೊಲೀಸ್ ದೋಣಿ ಇಂಥದ್ದನ್ನು ನಡುಕಡಲಿನಲ್ಲಿ ಎದುರಿಸಲಾರದು. ಸೈನ್ಯ ಬೇಕಾಗುವುದು ಇಲ್ಲಿಯೇ. ದೂರ ನೋಡುವ ಕಣ್ಣು, ದೂರ ಹೋಗುವ ನೌಕೆ, ಎದುರಾಳಿಯ ಬಂದೂಕಿಗೆ ಹೆದರದ ಶಿಸ್ತು, ಈ ಮೂರೂ ಒಟ್ಟಿಗೆ ಇರುವುದು ಅದರ ಬಳಿ.

ಆದರೆ ಸೈನ್ಯಕ್ಕೂ ಎಲ್ಲೆಂದರಲ್ಲಿ ದೋಣಿ ಹತ್ತುವ ಹಕ್ಕಿಲ್ಲ. ದಡದಿಂದ 12 ನಾವಿಕ ಮೈಲಿಯವರೆಗಿನ ನೀರು ನಮ್ಮ ನೆಲವಿದ್ದಂತೆ. 24 ಮೈಲಿಯವರೆಗೆ ಸುಂಕ ಮುಂತಾದ ಕೆಲವು ವಿಷಯಗಳಲ್ಲಿ ತಪಾಸಣೆಯ ಅಧಿಕಾರವಿದೆ. 200 ಮೈಲಿಯವರೆಗೆ ಮೀನು, ತೈಲ ಮೊದಲಾದ ಸಂಪತ್ತಿನ ಮೇಲೆ ಹಕ್ಕಿದೆ. ಅದರಾಚೆಯದು ಎಲ್ಲರ ಕಡಲು. ಅಲ್ಲಿ ಪರದೇಶದ ಹಡಗನ್ನು ಯಾವ ಯಾವ ಸಂಶಯದ ಮೇಲೆ ಹತ್ತಿ ನೋಡಬಹುದೆಂದು 1982ರ ಸಮುದ್ರ ಕಾನೂನಿನ ಒಪ್ಪಂದ ಪಟ್ಟಿ ಮಾಡಿದೆ. ಕಡಲುಗಳ್ಳತನ ಪಟ್ಟಿಯಲ್ಲಿದೆ, ಗುಲಾಮರ ಸಾಗಣೆ ಇದೆ, ನಾಡಿಲ್ಲದ ಹಡಗು ಇದೆ. ರೇಡಿಯೋ ಕೇಳುಗರಿಗೆ ಸೋಜಿಗವೆನಿಸಬಹುದು, ನಡುಕಡಲಿನಿಂದ ಮಾಡುವ ಅನಧಿಕೃತ ರೇಡಿಯೋ ಪ್ರಸಾರವೂ ಇದೆ. ಮಾದಕ ವಸ್ತು ಮಾತ್ರ ಇಲ್ಲ! ಅದರ ವಿಷಯದಲ್ಲಿ ದೇಶಗಳು ಪರಸ್ಪರ ಸಹಕರಿಸಬೇಕು ಎಂದಷ್ಟೇ ಒಪ್ಪಂದ ಹೇಳುತ್ತದೆ. 1988ರ ವಿಯೆನ್ನಾ ಒಪ್ಪಂದದ ಪ್ರಕಾರ ಹಡಗು ಯಾವ ದೇಶದ ಬಾವುಟ ಹಾರಿಸುತ್ತಿದೆಯೋ ಆ ದೇಶದ ಒಪ್ಪಿಗೆ ಕೇಳಬೇಕು. ಆದ್ದರಿಂದಲೇ ಬಾವುಟವೂ ಕಾಗದಪತ್ರವೂ ಇಲ್ಲದ ದೋಣಿ ಸಿಕ್ಕರೆ ನೌಕಾಪಡೆಗೆ ಕೆಲಸ ಸುಲಭ.

ಅನೇಕ ದೇಶಗಳ ನೌಕಾಪಡೆಗಳು ಸೇರಿ ಬಹರೇನ್‌ನಿಂದ ನಡೆಸುವ ಒಂದು ಸಂಯುಕ್ತ ಕಡಲ ಪಡೆಯಿದೆ. ಭಾರತ 2023ರಲ್ಲಿ ಅದರ ಪೂರ್ಣ ಸದಸ್ಯನಾಯಿತು. 2024ರ ಏಪ್ರಿಲ್‌ನಲ್ಲಿ ನಮ್ಮ 'ತಲ್ವಾರ್' ನೌಕೆ 940 ಕಿಲೋ, 2025ರ ಮಾರ್ಚ್‌ನಲ್ಲಿ 'ತರ್ಕಶ್' ನೌಕೆ 2,500 ಕಿಲೋಗೂ ಹೆಚ್ಚು ಮಾದಕ ವಸ್ತುವನ್ನು ಹಿಡಿದದ್ದು ಈ ಒಕ್ಕೂಟದ ಕೆಲಸದಲ್ಲಿ. ಇಂಥ ದೂರದ ಕಡಲಿನಲ್ಲಿ ಹಿಡಿದಾಗ ಸಂಯುಕ್ತ ಪಡೆಗಳು ಅನೇಕ ಸಲ ಮಾಲನ್ನು ನಾಶಮಾಡಿ ದೋಣಿಯವರನ್ನು ಬಿಟ್ಟು ಕಳಿಸುತ್ತವೆ. ಅವರನ್ನು ಯಾವ ದೇಶದ ನ್ಯಾಯಾಲಯಕ್ಕೆ ಒಯ್ಯಬೇಕೆಂಬ ಪ್ರಶ್ನೆಗೆ ಅಲ್ಲಿ ಸುಲಭದ ಉತ್ತರವಿಲ್ಲ.

ನಮ್ಮ ದಡಕ್ಕೆ ತಂದರೆ ನ್ಯಾಯಾಲಯದ ಕೆಲಸ ಶುರುವಾಗುತ್ತದೆ. ಇದಕ್ಕೆ ಆಧಾರ ಎನ್.ಡಿ.ಪಿ.ಎಸ್. ಎಂದು ಕರೆಯುವ 1985ರ ಕಾನೂನು. ಇದರ 42ನೇ ಪ್ರಕರಣವನ್ನು ಓದಿದರೆ ಟೀ ಅಂಗಡಿಯ ಮಾತಿಗೆ ಅರ್ಧ ಉತ್ತರ ಅಲ್ಲೇ ಇದೆ. ಕೇಂದ್ರ ಸರ್ಕಾರ ಆದೇಶ ಹೊರಡಿಸಿ ಅಧಿಕಾರ ಕೊಟ್ಟರೆ ಸೇನಾಪಡೆ ಮತ್ತು ಅರೆಸೇನಾಪಡೆಗಳ ಅಧಿಕಾರಿಗಳೂ ಶೋಧಿಸಬಹುದು, ಮಾಲು ವಶಪಡಿಸಿಕೊಳ್ಳಬಹುದು, ಬಂಧಿಸಬಹುದು. ಗಡಿ ಭದ್ರತಾ ಪಡೆ, ಅಸ್ಸಾಂ ರೈಫಲ್ಸ್, ಕೋಸ್ಟ್ ಗಾರ್ಡ್ ಇವುಗಳಿಗೆ ಅಂಥ ಅಧಿಕಾರ ಸಿಕ್ಕಿದೆ. ಆದರೆ ಹಿಡಿದ ಮನುಷ್ಯನನ್ನೂ ಮಾಲನ್ನೂ ತಡಮಾಡದೆ ಪೊಲೀಸ್ ಠಾಣೆಗೋ ತನಿಖೆಯ ಅಧಿಕಾರಿಗೋ ಒಪ್ಪಿಸಬೇಕು. ಯಾರದೇ ಮೈ ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧ ಮಾಡಿಸಿಕೊಳ್ಳುವ ಹಕ್ಕು ಅವನಿಗಿದೆ ಎಂದು ತಿಳಿಸಬೇಕು. ಮಾಲಿನ ಪಟ್ಟಿಯನ್ನು ಮ್ಯಾಜಿಸ್ಟ್ರೇಟರು ದೃಢೀಕರಿಸಬೇಕು, ಮಾದರಿ ತೆಗೆಯುವುದು ಅವರ ಎದುರೇ ಆಗಬೇಕು.

ಆರೋಪಿ ತಪ್ಪೊಪ್ಪಿಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. 2020ರ ಅಕ್ಟೋಬರ್ 29ರಂದು 'ತೂಫಾನ್ ಸಿಂಗ್ ವಿರುದ್ಧ ತಮಿಳುನಾಡು ರಾಜ್ಯ' ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ತೀರ್ಪು ಕೊಟ್ಟಿತು. ಈ ಕಾನೂನಿನಡಿ ತನಿಖೆ ಮಾಡುವ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಶಿಕ್ಷೆಗೆ ಆಧಾರವಾಗಿ ಬಳಸುವಂತಿಲ್ಲ ಎಂಬುದು ಅದರ ಸಾರ. ಹಾಗಾದ ಮೇಲೆ ಅಪರಾಧ ರುಜುವಾತಾಗಬೇಕಾದದ್ದು ಮಾಲಿನ ಲೆಕ್ಕ, ಮೊಹರು, ದಾಖಲೆ ಮತ್ತು ಸಾಕ್ಷಿಗಳಿಂದ. ನಡುಕಡಲಿನಲ್ಲಿ ಪ್ರಾಣ ಪಣವಿಟ್ಟು ಹಿಡಿದ ಮಾಲೂ ಒಂದು ಮೊಹರು ತಪ್ಪಿದರೆ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಆದ್ದರಿಂದ ಹಿಡಿಯುವವನಷ್ಟೇ ಬರೆಯುವವನೂ ಮುಖ್ಯ.

ಇಷ್ಟೆಲ್ಲ ಕಟ್ಟುಪಾಡು ಏಕೆ, ಸೈನ್ಯವನ್ನು ನಂಬಬಾರದೇ ಎಂದು ಕೆಲವರಿಗೆ ಅನ್ನಿಸಬಹುದು. ಸೈನಿಕನ ನಿಷ್ಠೆಯ ಮಾತು ಇದಲ್ಲ. ಬಂದೂಕು ಹಿಡಿದವನಿಗೆ ಯಾವ ಕೆಲಸ ಒಪ್ಪಿಸುತ್ತಾರೆ ಎಂಬ ಮಾತು. ಇದಕ್ಕೆ ನಮ್ಮ ದಕ್ಷಿಣ ಸೀಮೆಯದೇ ಒಂದು ಹಳೆಯ ಉದಾಹರಣೆಯಿದೆ.

ಈಸ್ಟ್ ಇಂಡಿಯಾ ಕಂಪನಿ ಬಿಹಾರ ಮತ್ತು ಬನಾರಸ್ ಪ್ರಾಂತಗಳಲ್ಲಿ ಅಫೀಮು ಬೆಳೆಸಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ವರ್ತಕರು ಅದನ್ನು ಚೀನಾಕ್ಕೆ ಕಳ್ಳತನದಿಂದ ಸಾಗಿಸುತ್ತಿದ್ದರು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಜೆಶು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದ. ಬ್ರಿಟನ್ ಯುದ್ಧ ಹೂಡಿತು. ಆ ಯುದ್ಧಕ್ಕೆ ಹಡಗು ಹತ್ತಿ ಹೋದವರಲ್ಲಿ ಮದ್ರಾಸ್ ಸೈನ್ಯದ ನಮ್ಮ ಜನ ಇದ್ದರು. ಇಂದು ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ದಳದ ಪೂರ್ವಿಕರೂ ಹೋಗಿದ್ದರು. 1841ರ ಮೇ ತಿಂಗಳಲ್ಲಿ ಕ್ಯಾಂಟನ್ ನಗರದ ಹೊರಗೆ 37ನೇ ಮದ್ರಾಸ್ ಪದಾತಿ ದಳದ ಒಂದು ತುಕಡಿ ಬಿರುಮಳೆಯಲ್ಲಿ ಜೊತೆ ತಪ್ಪಿತು. ಮದ್ದು ತೊಯ್ದು ಬಂದೂಕುಗಳು ಹಾರಲಿಲ್ಲ. ಸಿಟ್ಟಿಗೆದ್ದ ಹಳ್ಳಿಗರು ನಾಲ್ಕು ಕಡೆಯಿಂದ ಮುತ್ತಿದರು. ಆ ಸಿಪಾಯಿಗಳು ಹೇಡಿಗಳಲ್ಲ. ಆದರೆ ಅವರನ್ನು ಕಳಿಸಿದ ಕೆಲಸ, ಒಂದು ದೇಶದ ಜನ ಬೇಡವೆಂದ ವಿಷದ ವ್ಯಾಪಾರವನ್ನು ಕಾಪಾಡುವುದು. ಅಂದರೆ ಸೈನ್ಯ ಅಫೀಮನ್ನು ತಡೆಯಲೂಬಹುದು, ನುಗ್ಗಿಸಲೂಬಹುದು. ಯಾವುದೆಂಬುದನ್ನು ತೀರ್ಮಾನಿಸುವುದು ಅದಕ್ಕೆ ಆಜ್ಞೆ ಕೊಡುವ ಸರ್ಕಾರ, ಆ ಸರ್ಕಾರವನ್ನು ಕಟ್ಟಿಹಾಕುವ ಕಾನೂನು.

ನಮ್ಮ ಕಾಲದ ಉದಾಹರಣೆ ಮೆಕ್ಸಿಕೋ. ಅಲ್ಲಿನ ಸರ್ಕಾರ 2006ರ ಡಿಸೆಂಬರ್‌ನಲ್ಲಿ ಮಾದಕ ವಸ್ತುಗಳ ಗುಂಪುಗಳ ಮೇಲೆ ಸೈನ್ಯವನ್ನೇ ಊರೂರಿಗೆ ಇಳಿಸಿತು. ಎಂಟು ದಿನದಲ್ಲಿ ಅಲ್ಲ, ಎಂಟು ವರ್ಷದಲ್ಲೂ ಅದು ಮುಗಿಯಲಿಲ್ಲ. ದೊಡ್ಡ ಗುಂಪುಗಳು ಒಡೆದು ಚಿಕ್ಕ ಗುಂಪುಗಳಾದವು, ಕೊಲೆಗಳು ಏರಿದವು. ಕಾಣೆಯಾದವರ ಸರ್ಕಾರಿ ಪಟ್ಟಿ 2022ರಲ್ಲಿ ಒಂದು ಲಕ್ಷ ದಾಟಿತು. ಅಲ್ಲಿನ ಅತಿ ಕ್ರೂರ ಗುಂಪುಗಳಲ್ಲಿ ಒಂದಾದ 'ಜೆಟಾಸ್' ಅನ್ನು ಮೊದಲು ಕಟ್ಟಿದವರು ಸೈನ್ಯದ ವಿಶೇಷ ದಳವನ್ನು ತೊರೆದು ಹೋದ ಸೈನಿಕರೇ. ಹಣದ ಹೊಳೆ ಹರಿಯುವ ಜಾಗದಲ್ಲಿ ಕಾವಲುಗಾರನನ್ನು ಬಹುಕಾಲ ನಿಲ್ಲಿಸಿದರೆ ಆಗುವ ಅಪಾಯ ಇದು.

ಇನ್ನೊಂದು, ತೀರ ಇತ್ತೀಚಿನದು. 2025ರ ಸೆಪ್ಟೆಂಬರ್ 2ರಂದು ಅಮೆರಿಕದ ಸೇನೆ ಕೆರಿಬಿಯನ್ ಸಮುದ್ರದಲ್ಲಿ ಮಾದಕ ವಸ್ತು ಸಾಗಿಸುತ್ತಿದೆ ಎಂದು ಹೇಳಿ ಒಂದು ದೋಣಿಯನ್ನು ಹೊಡೆದುಹಾಕಿತು. 11 ಮಂದಿ ಸತ್ತರೆಂದು ಆ ಸರ್ಕಾರವೇ ತಿಳಿಸಿತು. ಆಮೇಲೆ ಇಂಥ ದಾಳಿಗಳು ಮತ್ತೂ ನಡೆದವು. ಇದೇ ನಮ್ಮ ಟೀ ಅಂಗಡಿಯ "ಕಂಡಲ್ಲಿ ಗುಂಡು". ಮಾಲು ಮುಳುಗಿತು, ಮನುಷ್ಯರೂ ಹೋದರು. ದೋಣಿಯಲ್ಲಿ ಇದ್ದವರು ಯಾರು, ಅವರಿಗೆ ಮಾಲು ಕೊಟ್ಟವರು ಯಾರು, ಹಣ ಹಾಕಿದವರು ಯಾರು ಎಂದು ಕೇಳಿ ತಿಳಿಯಲು ಯಾರೂ ಉಳಿಯಲಿಲ್ಲ. ಬ್ಯಾರನ್ ದ್ವೀಪದ ಬಳಿಯ ದೋಣಿಯನ್ನು ನಮ್ಮವರು ಎಳೆದುತಂದರು. ಆರು ಜನರೂ ಜೀವಂತ ಸಿಕ್ಕರು. ತನಿಖೆಗೆ ಎಳೆ ಸಿಕ್ಕಿತು. ಎರಡಕ್ಕೂ ಇರುವ ಅಂತರ ಇದು.

ಇಲ್ಲಿಂದ ನಮ್ಮ ಊರಿನ ಮಾತಿಗೆ ಬರೋಣ. ಮೂಕಂಡಪಲ್ಲಿಯ ಪಕ್ಕದಲ್ಲೇ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಹಳಬರು ಇದನ್ನು ಇನ್ನೂ ಸೆವೆನ್ತ್ ಹೈವೇ ಎನ್ನುತ್ತಾರೆ. ಮೇಲಕ್ಕೆ ಜೂಜುವಾಡಿ ದಾಟಿದರೆ ಅತ್ತಿಬೆಲೆ, ಕರ್ನಾಟಕ. ಕೆಳಕ್ಕೆ ಶೂಲಗಿರಿ, ಕೃಷ್ಣಗಿರಿ. ಅಲ್ಲಿಂದ ಒಂದು ದಾರಿ ಚೆನ್ನೈಗೆ, ಇನ್ನೊಂದು ಸೇಲಂಗೆ. ಬಂದರಿನಿಂದ ಬರುವ ಕಂಟೇನರ್ ಆಗಲಿ, ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಿಂದ ದಕ್ಷಿಣಕ್ಕೆ ಇಳಿಯುವ ಗಾಂಜಾ ಆಗಲಿ, ಇಂಥ ಕೂಡುರಸ್ತೆಗಳನ್ನೇ ಹುಡುಕುತ್ತವೆ. ಇಲ್ಲಿ ಯುದ್ಧನೌಕೆ ಇಲ್ಲ, ಡಾರ್ನಿಯರ್ ಇಲ್ಲ.

ಎಲ್ಲ ದೊಡ್ಡ ಮಾಲೂ ಬಂದೂಕಿಗೇ ಸಿಗುತ್ತದೆ ಎಂದೂ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಎರಡು ಕಂಟೇನರ್‌ಗಳಿಂದ 2,988 ಕಿಲೋ ಹೆರಾಯಿನ್ ತೆಗೆದರು. ಅದು ಅಫ್ಘಾನಿಸ್ತಾನದ್ದು, ಇರಾನಿನ ಬಂದರಿನಿಂದ ಹೊರಟದ್ದು. ಕಾಗದದಲ್ಲಿ ಅದು ಟಾಲ್ಕ್ ಕಲ್ಲು, ಪೌಡರಿಗೆ ಬಳಸುವ ಕಲ್ಲು. ತರಿಸಿಕೊಂಡ ಸಂಸ್ಥೆಯ ವಿಳಾಸ ವಿಜಯವಾಡದ್ದು, ಬಂಧನವಾದದ್ದು ಚೆನ್ನೈನಲ್ಲಿ. ಹಿಡಿದದ್ದು ಕಂದಾಯ ಗುಪ್ತಚರ ನಿರ್ದೇಶನಾಲಯ, ಮಾಹಿತಿ ಮತ್ತು ಕಾಗದಪತ್ರಗಳ ಬೆನ್ನುಹತ್ತಿ. 2022ರ ಮೇ ತಿಂಗಳಲ್ಲಿ ಅದೇ ನಿರ್ದೇಶನಾಲಯದ ಸುಳಿವಿನ ಮೇಲೆ ಕೋಸ್ಟ್ ಗಾರ್ಡ್ ಲಕ್ಷದ್ವೀಪದ ಅಗತ್ತಿಯ ಬಳಿ ಎರಡು ದೋಣಿಗಳನ್ನು ತಡೆದು 218 ಕಿಲೋ ಹೆರಾಯಿನ್ ಹಿಡಿಯಿತು. ಆ ಎರಡೂ ದೋಣಿಗಳು ಹೊರಟದ್ದು ನಮ್ಮ ತಮಿಳುನಾಡಿನ ತೀರದಿಂದ. ಸುಳಿವು ಇಲ್ಲದಿದ್ದರೆ ನೌಕೆ ಕುರುಡು, ನೌಕೆ ಇಲ್ಲದಿದ್ದರೆ ಸುಳಿವು ಕುಂಟು.

ಈಗ ನಮ್ಮ ಲಾರಿ ಡ್ರೈವರುಗಳೂ ಮಾಲೀಕರೂ ಗಮನವಿಟ್ಟು ಕೇಳಬೇಕಾದ ಮಾತು. ದಾರಿಯಲ್ಲಿ ಯಾರೋ ಪರಿಚಯದವರಂತೆ ಮಾತಾಡಿಸಿ, "ಈ ಮೂಟೆ ಬೆಂಗಳೂರಿನಲ್ಲಿ ಇಳಿಸಿಬಿಡಿ ಅಣ್ಣ, ಕೈಖರ್ಚಿಗೆ ಇಟ್ಟುಕೊಳ್ಳಿ" ಎಂದು ನೋಟು ಕೊಟ್ಟರೆ ಏನಾಗುತ್ತದೆ? ಮೂಟೆಯಲ್ಲಿ 20 ಕಿಲೋಗೂ ಹೆಚ್ಚು ಗಾಂಜಾ ಇದ್ದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ 10 ವರ್ಷಕ್ಕೆ ಕಡಿಮೆಯಿಲ್ಲ, 20 ವರ್ಷದವರೆಗೆ ಹೋಗಬಹುದು. ದಂಡ ಒಂದು ಲಕ್ಷಕ್ಕೆ ಕಡಿಮೆಯಿಲ್ಲ. ಜಾಮೀನು ಸಿಗುವುದು ಬಹಳ ಕಷ್ಟ. ಬೇರೆ ಅಪರಾಧಗಳಲ್ಲಿ ಸರ್ಕಾರದ ಕಡೆಯವರೇ ಎಲ್ಲವನ್ನೂ ಸಾಬೀತು ಮಾಡಬೇಕು. ಈ ಕಾನೂನಿನಲ್ಲಿ ವಸ್ತು ನಿಮ್ಮ ವಶದಲ್ಲಿತ್ತು ಎಂದು ಅವರು ತೋರಿಸಿದ ಮೇಲೆ, "ನನಗೆ ಗೊತ್ತಿರಲಿಲ್ಲ" ಎಂಬುದನ್ನು ಸಾಬೀತು ಮಾಡುವ ಹೊಣೆ ನಿಮ್ಮದೇ. ಲಾರಿಯೂ ಮುಟ್ಟುಗೋಲಾಗಬಹುದು. ತನಗೂ ಡ್ರೈವರನಿಗೂ ತಿಳಿಯದೆ ಇದು ನಡೆಯಿತು, ತಕ್ಕ ಎಚ್ಚರಿಕೆಯನ್ನೂ ವಹಿಸಿದ್ದೆವು ಎಂದು ಮಾಲೀಕ ತೋರಿಸಿಕೊಟ್ಟರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಬಿಲ್ಲಿಲ್ಲದ ಮೂಟೆ, ಹೆಸರಿಲ್ಲದ ಪಾರ್ಸೆಲ್, ಎಷ್ಟೇ ಚಿಕ್ಕದಾಗಿರಲಿ, ಗಾಡಿ ಹತ್ತಬಾರದು. ರೂಮು ಬಾಡಿಗೆಗೆ ಕೊಡುವವರಿಗೂ ಇದೇ ಮಾತು. ತನ್ನ ಜಾಗದಲ್ಲಿ ಇಂಥ ಕೆಲಸ ನಡೆಯಲು ತಿಳಿದೂ ಬಿಟ್ಟವನೂ ಅಪರಾಧಿಯೇ.

ಈಗ ಟೀ ಅಂಗಡಿಯ ಮಾತನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಕಂಡಲ್ಲಿ ಗುಂಡು ಹೊಡೆಯುವ ಕಾನೂನು ಬಂದರೆ ಮೊದಲು ಬೀಳುವವನು ಯಾರು? ಬಂಡವಾಳ ಹಾಕಿದವನು ದೋಣಿಯಲ್ಲಿ ಇರುವುದಿಲ್ಲ, ಲಾರಿಯಲ್ಲೂ ಇರುವುದಿಲ್ಲ. ದೋಣಿಯಲ್ಲಿರುವವನು ಮೀನುಗಾರ. ಲಾರಿಯಲ್ಲಿರುವವನು ನಮ್ಮ ಬೀದಿಯ ಡ್ರೈವರು, ಅವನ ಪಕ್ಕದಲ್ಲಿ ಹದಿನೆಂಟು ಇಪ್ಪತ್ತರ ಕ್ಲೀನರ್ ಹುಡುಗ. ಅವರಲ್ಲಿ ತಪ್ಪಿತಸ್ಥ ಯಾರು, ಮೋಸಹೋದವ ಯಾರು ಎಂದು ಗುಂಡಿಗೆ ತಿಳಿಯುವುದಿಲ್ಲ. ಅದನ್ನು ತಿಳಿಯುವುದಕ್ಕೇ ನ್ಯಾಯಾಲಯ ಇರುವುದು.

ಕೊನೆಯದಾಗಿ, ಕೊಳ್ಳುವವರು ಇರುವ ತನಕ ತರುವವರು ಇರುತ್ತಾರೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಗಾಂಜಾ, ಭಂಗಿಯಂಥವನ್ನೂ, 2.26 ಕೋಟಿ ಜನ ಅಫೀಮಿನ ಜಾತಿಯ ವಸ್ತುಗಳನ್ನೂ ಬಳಸುತ್ತಿದ್ದರು. ಚಟಕ್ಕೆ ಬಿದ್ದವನು ರೋಗಿ. ಇದನ್ನು ಕಾನೂನೂ ಒಂದು ಮಟ್ಟಿಗೆ ಒಪ್ಪಿದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಸಿಗುವ ಅವಕಾಶ ಅದರ 64ಎ ಪ್ರಕರಣದಲ್ಲಿದೆ. ಚಿಕಿತ್ಸೆಯ ಸಲಹೆಗೆ 14446 ಎಂಬ ಶುಲ್ಕರಹಿತ ದೂರವಾಣಿ ಸಂಖ್ಯೆಯಿದೆ. ಕಳ್ಳಸಾಗಣೆಯ ಸುಳಿವು ಕೊಡಲು 1933 ಸಂಖ್ಯೆಯಿದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಮನೆಯ ಮಾನ ಹೋಗುತ್ತದೆಂದು ಮುಚ್ಚಿಟ್ಟುಕೊಂಡು ಕುಳಿತರೆ ಮಗನೇ ಹೋಗುತ್ತಾನೆ.

ಕಡಲನ್ನು ನೌಕಾಪಡೆಯೂ ಕೋಸ್ಟ್ ಗಾರ್ಡೂ ಕಾಯುತ್ತವೆ, ಗಡಿಯನ್ನು ಯೋಧರು ಕಾಯುತ್ತಾರೆ. ಅವರ ಕಣ್ಣು ತಪ್ಪಿಸಿ ಬಂದದ್ದು ನಮ್ಮ ಹೆದ್ದಾರಿಗೆ, ನಮ್ಮ ಬೀದಿಗೆ, ನಮ್ಮ ಹೊಸಿಲಿಗೆ ಬರುತ್ತದೆ. ಅಲ್ಲಿ ಕಾಯಬೇಕಾದವರು ಪೊಲೀಸರು, ಅವರ ಜೊತೆಗೆ ನೀವು ಮತ್ತು ನಾವು.